ಮರದ ಸ್ಟಾಕೋ, ಫೈಬರ್‌ಗ್ಲಾಸ್ ಸ್ಟಾಕೋ? ಒಂದೇ ರೈಫಲ್‌ಗೆ ಎರಡನ್ನೂ ಹಾಕಿ ನೋಡಿದ ಮೇಲೆ

ಎಂ14 ಮಾದರಿಯ ರೈಫಲ್ ಇಟ್ಟುಕೊಂಡವರಿಗೆ ಇವತ್ತಲ್ಲ ನಾಳೆ ಈ ಪ್ರಶ್ನೆ ಬಂದೇ ಬರುತ್ತದೆ. ಸ್ಟಾಕ್, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ರೈಫಲ್‌ನ ಒಡಲು, ಮರದ್ದೇ ಇರಲಿಯಾ, ಇಲ್ಲ ಫೈಬರ್‌ಗ್ಲಾಸ್ ಹಾಕೋಣವಾ? ನನ್ನ ಎಂ1ಎಗೆ (ಎಂ14ರದ್ದೇ ನಾಗರಿಕ ರೂಪ) ನಾನು ಎರಡನ್ನೂ ಹಾಕಿ ಹೊಡೆದಿದ್ದೇನೆ. ನಳಿಗೆ ಅದೇ, ಸೈಟ್ ಅದೇ, ಗುಂಡುಗಳೂ ಅದೇ ಲಾಟಿನವು. ಬದಲಾದದ್ದು ಸ್ಟಾಕ್ ಮಾತ್ರ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಳೆ, ಬಿಸಿಲು ಅಂತ ನೋಡದೆ ಹೊಡೆಯುವವರಿಗೆ ಫೈಬರ್‌ಗ್ಲಾಸ್ ಸರಿ. ಆದರೆ ಅದರ ಮುಂಭಾಗ ಗಟ್ಟಿ ಮಾಡಿಕೊಂಡ ಮೇಲೆ. ಏನೂ ಮಾಡದೆ ಹಾಗೇ ತಂದು ಹಾಕಿದ ಫೈಬರ್‌ಗ್ಲಾಸ್‌ಗಿಂತ ಒಳ್ಳೆಯ ವಾಲ್‌ನಟ್ (ಅಕ್ರೋಟು ಮರದ) ಸ್ಟಾಕೇ ವಾಸಿ.

ಈ ರೈಫಲ್‌ನಲ್ಲಿ ಸ್ಟಾಕ್ ಯಾಕೆ ಇಷ್ಟು ಮುಖ್ಯ ಅಂತ ಮೊದಲು ನೋಡೋಣ. ಎಂ14 ಬಿಚ್ಚಿದರೆ ಮೂರು ತುಂಡು ಸಿಗುತ್ತದೆ: ನಳಿಗೆ ಮತ್ತು ರಿಸೀವರ್ (ಗುಂಡನ್ನು ನಳಿಗೆಗೆ ತಳ್ಳಿ ಮುಚ್ಚುವ ಬೋಲ್ಟ್ ಇರುವ ಲೋಹದ ಭಾಗ) ಸೇರಿದ ಮೇಲಿನ ಭಾಗ, ಕೆಳಗಿನಿಂದ ಸೇರುವ ಟ್ರಿಗರ್ ಭಾಗ, ನಡುವೆ ಸ್ಟಾಕ್. ಇವನ್ನು ಬಿಗಿದು ಹಿಡಿಯಲು ಸ್ಕ್ರೂ ಇಲ್ಲ. ಟ್ರಿಗರ್ ಸುತ್ತಲಿನ ಲೋಹದ ಬಳೆ, ಟ್ರಿಗರ್ ಗಾರ್ಡ್ ಅನ್ನೇ ಸನ್ನೆಯ ಹಾಗೆ ಒತ್ತಿ ಮುಚ್ಚಿದಾಗ ಮೇಲಿನ ಲೋಹ, ಕೆಳಗಿನ ಲೋಹ ಎರಡೂ ಸ್ಟಾಕನ್ನು ನಡುವೆ ಹಿಡಿದು ಅಮುಕುತ್ತವೆ. ಅಂದರೆ ಎಷ್ಟು ಬಿಗಿ ಎಂಬುದನ್ನು ತೀರ್ಮಾನಿಸುವುದು ಆ ಜಾಗದಲ್ಲಿ ಸ್ಟಾಕ್ ಎಷ್ಟು ದಪ್ಪ ಇದೆ ಅನ್ನುವುದು. ಮರ ಒಂದು ಕೂದಲೆಳೆಯಷ್ಟು ಉಬ್ಬಿದರೂ ಬಿಗಿ ಹೆಚ್ಚುತ್ತದೆ. ಒಣಗಿ ಕುಗ್ಗಿದರೆ ಸಡಿಲ. ಮುಂದೆ ಇನ್ನೊಂದು ಕಡೆಯೂ ಸ್ಟಾಕ್ ಲೋಹವನ್ನು ಮುಟ್ಟುತ್ತದೆ. ಸ್ಟಾಕಿನ ಮೂತಿಯಲ್ಲಿರುವ ಫೆರೂಲ್ ಎಂಬ ಲೋಹದ ತುಂಡು ನಳಿಗೆಯ ಮೇಲಿನ ಫ್ರಂಟ್ ಬ್ಯಾಂಡ್‌ಗೆ ತಾಗುತ್ತದೆ. ಹಾಗಾಗಿ ಸ್ಟಾಕ್ ಬಾಗಿದರೆ ನಳಿಗೆಯ ಮೇಲಿನ ಒತ್ತಡವೂ ಬದಲಾಗುತ್ತದೆ. ಗುಂಡು ಬೀಳುವ ಜಾಗವೂ ಬದಲಾಗುತ್ತದೆ.

ಅಮೆರಿಕದ ಸೇನೆ 1957ರಲ್ಲಿ ಎಂ14 ಅನ್ನು ಒಪ್ಪಿಕೊಂಡಾಗ ಅದಕ್ಕೆ ಮರದ ಸ್ಟಾಕೇ ಇತ್ತು. ಹೆಚ್ಚಾಗಿ ವಾಲ್‌ನಟ್, ಜೊತೆಗೆ ಬರ್ಚ್ ಕೂಡ. ವಿಯೆಟ್ನಾಮಿನ ಕಾಡಿನ ತೇವದಲ್ಲಿ ಮರದ ತೊಂದರೆ ಎದ್ದು ಕಂಡಿತು. ಫೈಬರ್‌ಗ್ಲಾಸ್ ಸ್ಟಾಕ್ ಬಳಕೆಗೆ ಬಂತು. ಸ್ನೈಪರ್ ರೈಫಲ್‌ಗಳ ಕತೆಯೂ ಇದೇ. 1966ರಲ್ಲಿ ಮರೀನ್ ಕೋರ್ ಇಳಿಸಿದ ಎಂ40ಗೆ ಮರದ ಸ್ಟಾಕ್ ಇತ್ತು. ತೇವಕ್ಕೆ ಆ ಸ್ಟಾಕುಗಳು ಉಬ್ಬಿ ಸೊಟ್ಟಗಾದವು. 1970ರ ದಶಕದಲ್ಲಿ ಬಂದ ಎಂ40ಎ1ಗೆ ಫೈಬರ್‌ಗ್ಲಾಸ್ ಹಾಕಿದರು. ಎಂ14ರಿಂದಲೇ ಮಾಡಿದ ಎಂ21 ಸ್ನೈಪರ್ ರೈಫಲ್‌ಗೆ ಮೊದಲು ವಾಲ್‌ನಟ್ ಸ್ಟಾಕಿಗೇ ಎಪಾಕ್ಸಿ (ಗಟ್ಟಿಯಾಗುವ ಅಂಟು) ಕುಡಿಸಿ ನೀರು ಒಳಗೆ ಹೋಗದ ಹಾಗೆ ಮಾಡಿದ್ದರು. ಮರವನ್ನು ಸುಮ್ನೆ ಬಿಟ್ಟುಕೊಡಲು ಅವರಿಗೂ ಮನಸ್ಸಿರಲಿಲ್ಲ, ಅಲ್ವಾ? ನನ್ನ ಎಂ1ಎ ಎಂ14ರ ನಾಗರಿಕರ ಆವೃತ್ತಿ. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು.

ಮೊದಲು ಮರ. ನನ್ನ ವಾಲ್‌ನಟ್ ಸ್ಟಾಕ್ ದಪ್ಪಗಿದೆ, ಮುಂಭಾಗದ ಗೋಡೆಗಳೂ ದಪ್ಪ. ಕೈಯಲ್ಲಿ ಹಿಡಿದ ತಕ್ಷಣ ಒಪ್ಪುತ್ತದೆ. ಚಳಿಯಲ್ಲಿ ಕೆನ್ನೆಗೆ ತಣ್ಣಗೆ ಹೊಡೆಯುವುದಿಲ್ಲ. ಗುಂಡು ಹಾರಿದಾಗ ಹೆಗಲಿಗೆ ಬರುವ ಒದೆತ ಮೆತ್ತಗೆ ಅನ್ನಿಸುತ್ತದೆ. ಬೋಲ್ಟ್ ಮುಚ್ಚಿಕೊಳ್ಳುವ ಸದ್ದೂ ಗಟ್ಟಿಯಾಗಿ, ಚಿಕ್ಕದಾಗಿ ಬರುತ್ತದೆ. ಒಣ ಹವೆಯಲ್ಲಿ ಮಲಗಿ, ಸ್ಲಿಂಗ್ (ತೋಳಿಗೆ ಸುತ್ತಿಕೊಳ್ಳುವ ರೈಫಲ್ ಪಟ್ಟಿ) ಬಿಗಿದು ಹೊಡೆದರೆ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುತ್ತವೆ. ಹೀಗಿರುವ ದಿನಗಳಲ್ಲಿ ಫೈಬರ್‌ಗ್ಲಾಸ್ ಯಾಕೆ ಬೇಕು ಅನ್ನಿಸುವುದು ಸಹಜ.

ಹವೆ ಬದಲಾದಾಗ ನೋಡಬೇಕು. ಮರ ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ನಮ್ಮ ಟ್ರಿಗರ್ ಗಾರ್ಡ್ ಅಮುಕುವುದು ಆ ಅಡ್ಡ ದಪ್ಪವನ್ನೇ. ಕೆಲವು ದಿನ ಬಿಡದೆ ಮಳೆ ಬಂದ ಮೇಲೆ ಗಾರ್ಡ್ ಮುಚ್ಚಲು ಅಂಗೈಯ ಬುಡದಿಂದ ಒತ್ತಬೇಕಾಯಿತು. ಅದೇ ರೈಫಲ್ ಒಣ ತಿಂಗಳಲ್ಲಿ ಎರಡು ಬೆರಳಿಗೇ ಮುಚ್ಚಿಕೊಂಡಿತು. ಇವೆರಡರ ನಡುವೆ, ಗುರಿಯಿಟ್ಟ ಕಡೆಯೇ ಗುಂಡು ಬೀಳುವ ಹಾಗೆ ಹೊಂದಿಸಿದ ಸೈಟ್‌ನ ಜ಼ೀರೋ ನಿಲ್ಲಲಿಲ್ಲ. ಪ್ರತಿ ಸಲ ಹೊಸದಾಗಿ ಕ್ಲಿಕ್ ತಿರುಗಿಸಬೇಕಾಯಿತು. ಗುಂಪು ಕೆಟ್ಟಿತು ಅಂತಲ್ಲ, ಗುಂಪು ಬೀಳುವ ಜಾಗ ಓಡಾಡಿತು. ಸರ್ವಿಸ್ ರೈಫಲ್ ಪಂದ್ಯಗಳಲ್ಲಿ 200, 300, 600 ಗಜದಿಂದ ಹೊಡೆಯುವವರಿಗೆ ಇದು ದೊಡ್ಡ ತೊಂದರೆ. 600 ಗಜದಲ್ಲಿ ಒಂದು ಮಿನಿಟ್ ಕೋನ (ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ) ಅಂದರೆ ಸುಮಾರು 6 ಇಂಚು ಆಗುತ್ತದೆ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ರಿಸೀವರ್ ಕೂರುವ ಜಾಗಕ್ಕೆ ಎಪಾಕ್ಸಿ ಬೆಡ್ಡಿಂಗ್ ಮಾಡಿಸುತ್ತಾರೆ, ಅಂದರೆ ಲೋಹಕ್ಕೆ ಸರಿಯಾಗಿ ಒಗ್ಗುವ ಎಪಾಕ್ಸಿ ಹಾಸು ಹಾಕಿಸುತ್ತಾರೆ. ಪಂದ್ಯದ ಎಂ14ಗಳಿಗೆಲ್ಲ ಇದನ್ನೇ ಮಾಡುತ್ತಿದ್ದರು. ಬೆಡ್ಡಿಂಗ್ ಮಾಡಿದ ವಾಲ್‌ನಟ್ ಬಹಳ ಚೆನ್ನಾಗಿ ಹೊಡೆಯುತ್ತದೆ. ಆದರೆ ಎಪಾಕ್ಸಿ ಗಟ್ಟಿಯಾಗಿ ಕೂತರೂ ಅದರ ಕೆಳಗೆ, ಸುತ್ತಮುತ್ತ ಇರುವುದು ಮರವೇ. ತೇವ ಒಳಗೆ ಹೋದರೆ ಅದು ಕದಲುತ್ತದೆ. ಆದ್ದರಿಂದ ಒಳಭಾಗ, ಬಟ್ ಪ್ಲೇಟ್ (ಹೆಗಲಿಗೆ ತಾಗುವ ಲೋಹದ ತಟ್ಟೆ) ಕೆಳಗಿನ ಕತ್ತರಿಸಿದ ತುದಿ, ಕ್ಲೀನಿಂಗ್ ಕಿಟ್ ಇಡುವ ತೂತು, ಇವೆಲ್ಲವನ್ನೂ ಮರೆಯದೆ ಸೀಲ್ ಮಾಡಬೇಕು. ಹೊರಗೆ ಮಾತ್ರ ಪಾಲಿಷ್ ಮಾಡಿ ಒಳಗೆ ಏನೂ ಹಚ್ಚದ ಬರೀ ಮರ ಬಿಟ್ಟ ಸ್ಟಾಕುಗಳನ್ನು ನಾನು ಎಷ್ಟೋ ನೋಡಿದ್ದೇನೆ. ನೀರು ಕುಡಿಯುವುದು ಆ ಕತ್ತರಿಸಿದ ತುದಿಯಿಂದಲೇ.

ಮರದ ಇನ್ನೊಂದು ಶತ್ರು ಗನ್ ಎಣ್ಣೆ. ರಿಸೀವರ್‌ನಿಂದ ಇಳಿದ ಎಣ್ಣೆ ಅದರ ಹಿಂದಿನ ಮರಕ್ಕೆ ಇಂಗಿ ಮರವನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದ ಮರ ಅಮುಕಿಸಿಕೊಂಡು ತೆಳ್ಳಗಾಗುತ್ತದೆ, ಬಿಗಿ ಹೋಗುತ್ತದೆ. ಎಣ್ಣೆ ಹಾಕಿದ ಮೇಲೆ ಸ್ವಲ್ಪ ಹೊತ್ತು ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಮರದ ಕಡೆ ಇಳಿಯುವುದಿಲ್ಲ. ಸ್ಟಾಕಿಗೆ ಹಚ್ಚಬೇಕಾದದ್ದು ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆ. ತೆಳ್ಳಗೆ ಹಚ್ಚಿ, ಒರೆಸಿ, ಒಣಗಿಸಿ, ಮತ್ತೆ ಹಚ್ಚಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲದಿದ್ದರೆ ನೀರಲ್ಲಿ ಮುಳುಗಿಸಿಡಿ. ಮರದಲ್ಲಿ ನನಗೆ ತುಂಬ ಇಷ್ಟವಾದ ಗುಣ ಒಂದಿದೆ. ಎಲ್ಲೋ ತಾಗಿ ತಗ್ಗು ಬಿದ್ದರೆ, ಒದ್ದೆ ಬಟ್ಟೆ ಇಟ್ಟು ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಸಾಕು. ಹಬೆ ಕುಡಿದು ಎಳೆಗಳು ಮೇಲೆದ್ದು ತಗ್ಗು ತುಂಬಿಕೊಳ್ಳುತ್ತದೆ. ಎಳೆ ಕತ್ತರಿಸಿ ಹೋಗಿದ್ದರೆ ಮಾತ್ರ ಇದು ಆಗುವುದಿಲ್ಲ.

ಈಗ ಫೈಬರ್‌ಗ್ಲಾಸ್. ನಾನು ಹಾಕಿದ್ದು ಸೇನೆಯ ಹಳೆಯ ದಾಸ್ತಾನಿನಿಂದ ಬಂದ ಸ್ಟಾಕ್. ಬಲಗಡೆ ಹಿಂದೆ, ಒಂದೊಂದೇ ಗುಂಡೋ ಸತತವಾಗಿಯೋ ಎಂದು ಬದಲಿಸುವ ಸೆಲೆಕ್ಟರ್‌ಗಾಗಿ ಕೊರೆದ ಕಚ್ಚು ಇದೆ. ನಮ್ಮ ರೈಫಲ್‌ಗೆ ಸೆಲೆಕ್ಟರ್ ಇಲ್ಲದ್ದರಿಂದ ಅದು ಖಾಲಿ ಉಳಿಯುತ್ತದೆ. ನೋಡಲು ಏನೇನೂ ಚೆಂದವಿಲ್ಲ. ಒಳಗೆ ಟೊಳ್ಳು ಇರುವುದರಿಂದ ಬೋಲ್ಟ್ ಮುಚ್ಚಿದಾಗ ಟೊಣ್ ಅಂತ ಸದ್ದು ಬರುತ್ತದೆ. ಬಿಸಿಲಲ್ಲಿ ಇಟ್ಟರೆ ಕೆನ್ನೆಗೆ ಬಿಸಿ, ಚಳಿಯಲ್ಲಿ ತಣ್ಣಗೆ ಕೊರೆಯುತ್ತದೆ. ಕೈ ಒದ್ದೆಯಾದರೆ ಜಾರುತ್ತದೆ. ಹಿಡಿಯುವ ಜಾಗಕ್ಕೆ ಒರಟು ಬಣ್ಣ ಬಳಿದ ಮೇಲೆ ಅದು ಸರಿಯಾಯಿತು.

ಆದರೆ ಟ್ರಿಗರ್ ಗಾರ್ಡ್ ನೋಡಿ. ಮಳೆಗಾಲದಲ್ಲಿ ಎಷ್ಟು ಬಿಗಿಯೋ ಬೇಸಿಗೆಯಲ್ಲೂ ಅಷ್ಟೇ ಬಿಗಿ. ಮಳೆಯಲ್ಲಿ ನೆನೆಸಿ, ಒರೆಸಿ, ಮಾರನೇ ದಿನ ಹೊಡೆದರೂ ಜ಼ೀರೋ ಇದ್ದ ಜಾಗದಲ್ಲೇ ಇತ್ತು. ಬೆಂಚ್ ಮೇಲೆ ಮರಳಿನ ಚೀಲಕ್ಕೆ ಒರಗಿಸಿ ಹೊಡೆದಾಗ ಗುಂಪು ವಾಲ್‌ನಟ್‌ನಷ್ಟೇ ಚೆನ್ನಾಗಿತ್ತು. ಇಲ್ಲಿಗೇ ನಿಲ್ಲಿಸಿದರೆ ಫೈಬರ್‌ಗ್ಲಾಸ್ ಗೆದ್ದಿತು ಅಂತ ಬರೆದುಬಿಡಬಹುದು. ಬೆಂಚ್ ಮೇಲೆ ಮಾತ್ರ ಹೊಡೆದು ಬರೆಯುವ ಹೋಲಿಕೆಗಳು ನಿಲ್ಲುವುದೂ ಇಲ್ಲೇ.

ಮಲಗಿ, ಸ್ಲಿಂಗ್ ಬಿಗಿದು ಹೊಡೆದಾಗ ಚಿತ್ರ ಬದಲಾಯಿತು. ಅದೇ ಜ಼ೀರೋ, ಅದೇ ಗುರಿ. ಗುಂಪು ಒಟ್ಟಾರೆ ಕೆಳಗೆ ಇಳಿಯಿತು. ಸ್ಲಿಂಗ್ ಸಡಿಲ ಮಾಡಿದರೆ ಮೇಲೆ, ಬಿಗಿದರೆ ಕೆಳಗೆ. ಕಾರಣ ಆ ಸ್ಟಾಕಿನ ಮುಂಭಾಗ. ಅದು ತೆಳು ಗೋಡೆಯ ದೋಣಿಯಾಕಾರದ ಚಿಪ್ಪು, ಒಳಗೆ ಏನೂ ಇಲ್ಲ. ಕೈಯಲ್ಲಿ ಎರಡೂ ಬದಿ ಒತ್ತಿದರೆ ಒಳಕ್ಕೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಸ್ಲಿಂಗ್ ಎಳೆದಾಗ ಅದು ಬಾಗುತ್ತದೆ, ಫೆರೂಲ್ ಮೂಲಕ ನಳಿಗೆಯನ್ನೂ ಕೆಳಕ್ಕೆ ಎಳೆಯುತ್ತದೆ. ದಪ್ಪ ವಾಲ್‌ನಟ್‌ನಲ್ಲಿ ಈ ಎಳೆತ ಇಲ್ಲವೇ ಇಲ್ಲ ಅಂತಲ್ಲ, ಆದರೆ ಬಹಳ ಕಡಿಮೆ.

ಇದನ್ನು ಸರಿ ಮಾಡಬಹುದು. ಮಾಡಲೇಬೇಕು. ಮ್ಯಾಗಝೀನ್ ತೆಗೆದು, ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಸ್ಟಾಕ್ ಬೇರೆ ಮಾಡಿ. ಮುಂಭಾಗದ ಒಳಮೈಯನ್ನು ದಪ್ಪ ಸ್ಯಾಂಡ್‌ಪೇಪರಿನಿಂದ ಚೆನ್ನಾಗಿ ಒರಟು ಮಾಡಿ. ನುಣುಪು ಮೈಗೆ ಎಪಾಕ್ಸಿ ಹಿಡಿಯುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ, ತುಂಬು ತೋಳಿನ ಅಂಗಿ ತೊಡಿ. ಆ ಪುಡಿ ಮೈಗೆ ತಾಗಿದರೆ ಕೆರೆತ ತಡೆಯಲಾಗುವುದಿಲ್ಲ, ಶ್ವಾಸಕೋಶಕ್ಕಂತೂ ಹೋಗಲೇಬಾರದು. ಆಮೇಲೆ ಗಾಜಿನ ನಾರಿನ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎಪಾಕ್ಸಿಯಲ್ಲಿ ನೆನೆಸಿ ಎರಡೂ ಗೋಡೆಗಳಿಗೆ ಪದರವಾಗಿ ಅಂಟಿಸುತ್ತಾ ಬನ್ನಿ. ಬೋಲ್ಟನ್ನು ಹಿಂದೆ ತಳ್ಳುವ ಆಪರೇಟಿಂಗ್ ರಾಡ್ ಮತ್ತು ಅದರ ಗೈಡ್ ಓಡಾಡುವ ಜಾಗ ಮಾತ್ರ ಬಿಡಬೇಕು. ರಾಡ್ ಎಲ್ಲಾದರೂ ಉಜ್ಜಿದರೆ ರೈಫಲ್ ಸರಿಯಾಗಿ ಓಡುವುದಿಲ್ಲ. ಗಟ್ಟಿಯಾದ ಮೇಲೆ ರಾಡನ್ನು ಕೈಯಲ್ಲಿ ಹಿಂದೆ ಮುಂದೆ ಎಳೆದು, ಎಲ್ಲೂ ತಾಗುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಹಿಂದಿನ ಟೊಳ್ಳಿಗೆ ನಾನು ಫೋಮ್ ತುಂಬಿದೆ. ಟೊಣ್ ಸದ್ದು ಹೋಯಿತು.

ಇದಾದ ಮೇಲೆ ಸ್ಲಿಂಗ್ ಎಷ್ಟೇ ಬಿಗಿದರೂ ಗುಂಪು ಹೆಚ್ಚು ಕಡಿಮೆ ಒಂದೇ ಕಡೆ ನಿಂತಿತು. ತೂಕ ಸ್ವಲ್ಪ ಜಾಸ್ತಿಯಾಯಿತು. ಅದು ಮುಂಭಾಗಕ್ಕೆ ಸೇರಿದ್ದರಿಂದ ನನಗೆ ಒಳ್ಳೆಯದೇ ಆಯಿತು, ಮೂತಿ ಕಡಿಮೆ ಓಡಾಡುತ್ತದೆ. ಫೈಬರ್‌ಗ್ಲಾಸ್ ಅಂದರೆ ಹಗುರ ಅಂತ ನಂಬಿ ಕೊಳ್ಳುವವರಿಗೆ ಇದು ಇಷ್ಟವಾಗಲಿಕ್ಕಿಲ್ಲ. ಈ ರೈಫಲ್ ಹೇಗೂ 4 ಕಿಲೋ ಆಸುಪಾಸು ತೂಗುತ್ತದೆ. ಸ್ಟಾಕಿನಲ್ಲಿ ಕೆಲವು ಗ್ರಾಂ ಉಳಿಸಿ ಏನೂ ಆಗಬೇಕಾಗಿಲ್ಲ.

ಬೆಡ್ಡಿಂಗ್ ಫೈಬರ್‌ಗ್ಲಾಸ್‌ಗೂ ಮಾಡಬಹುದು. ಅಲ್ಲಿ ಅದು ಹೆಚ್ಚು ಕಾಲ ಬಾಳುತ್ತದೆ, ಯಾಕೆಂದರೆ ಕೆಳಗಿನ ನೆಲ ಕದಲುವುದಿಲ್ಲ. ಎಪಾಕ್ಸಿ ತಾಗುವ ಲೋಹಕ್ಕೆಲ್ಲ ಅಂಟು ಹಿಡಿಯದಂತೆ ತಡೆಯುವ ರಿಲೀಸ್ ಏಜೆಂಟ್ ಹಚ್ಚುವುದು ಕಡ್ಡಾಯ. ಒಂದು ಮೂಲೆ ಬಿಟ್ಟುಹೋದರೂ ರಿಸೀವರ್ ಸ್ಟಾಕಿಗೆ ಅಂಟಿಕೊಂಡುಬಿಡುತ್ತದೆ. ಬೆಡ್ಡಿಂಗ್ ಆದ ಮೇಲೆ ಮರವಾಗಲಿ ಫೈಬರ್‌ಗ್ಲಾಸ್ ಆಗಲಿ, ಸುಮ್ನೆ ಸುಮ್ನೆ ರಿಸೀವರ್ ಹೊರಗೆ ತೆಗೆಯಬೇಡಿ. ಪ್ರತಿ ಸಲ ತೆಗೆದು ಹಾಕಿದಾಗಲೂ ಅಂಚು ಸ್ವಲ್ಪ ಸವೆಯುತ್ತದೆ. ನಳಿಗೆ ಸ್ವಚ್ಛ ಮಾಡಲು ಸ್ಟಾಕ್ ಬಿಚ್ಚಬೇಕಾಗಿಲ್ಲ.

ಪದರ ಪದರವಾಗಿ ಅಂಟಿಸಿದ ಲ್ಯಾಮಿನೇಟ್ ಮರದ ಸ್ಟಾಕೂ ಇದೆ. ಒಂದೇ ಮರಕ್ಕಿಂತ ಸ್ಥಿರ, ಆದರೆ ಭಾರ. ನಾನು ಅದರಲ್ಲಿ ಜಾಸ್ತಿ ಹೊಡೆದಿಲ್ಲ, ಹಾಗಾಗಿ ಅದರ ಬಗ್ಗೆ ಇಷ್ಟೇ.

ಈಗ ನನ್ನ ರೈಫಲ್ ಮೇಲಿರುವುದು ಗಟ್ಟಿ ಮಾಡಿದ ಫೈಬರ್‌ಗ್ಲಾಸ್. ವಾಲ್‌ನಟ್ ಸ್ಟಾಕನ್ನು ಮಾರಿಲ್ಲ, ಮಾರುವುದೂ ಇಲ್ಲ. ಅದರ ಮಣಿಕಟ್ಟಿನ, ಅಂದರೆ ಟ್ರಿಗರ್ ಹಿಂದಿನ ಸಣ್ಣ ಹಿಡಿಯ ಹತ್ತಿರ ಎಳೆ ಓರೆಯಾಗದೆ ನೇರವಾಗಿ ಸಾಗಿದೆ. ಅಂಥ ಮರ ಸಿಗುವುದು ಕಷ್ಟ. ವರ್ಷವಿಡೀ ಒಣ ಹವೆ ಇರುವ ಕಡೆ ಹೊಡೆಯುವವರು, ಒಮ್ಮೆ ಬೆಡ್ಡಿಂಗ್ ಮಾಡಿಸಿ ಮುಟ್ಟದೆ ಇಡುವವರು ವಾಲ್‌ನಟ್ ಇಟ್ಟುಕೊಳ್ಳಲಿ, ಅವರಿಗೆ ಅದರಿಂದ ಏನೂ ನಷ್ಟವಿಲ್ಲ. ಎಪಾಕ್ಸಿ ಕೆಲಸಕ್ಕೆ ಕೈ ಹಾಕಲು ಇಷ್ಟವಿಲ್ಲದವರಿಗೂ ನಾನು ಮರವನ್ನೇ ಹೇಳುತ್ತೇನೆ.

ಹಳೆಯ ಸ್ಟಾಕ್ ಕೊಳ್ಳುವಾಗ ಕೈಯಲ್ಲಿ ಹಿಡಿದೇ ನೋಡಿ. ಮರದ್ದಾದರೆ ರಿಸೀವರ್‌ನ ಹಿಂಬದಿ ತಾಗುವ ಜಾಗಕ್ಕೆ ಟಾರ್ಚ್ ಬಿಟ್ಟು ಕೂದಲೆಳೆ ಬಿರುಕು ಹುಡುಕಿ. ಕಪ್ಪಾಗಿ ಉಗುರಿಗೆ ಮೆತ್ತಗೆ ಸಿಕ್ಕರೆ ಎಣ್ಣೆ ಕುಡಿದ ಮರ ಅದು. ಫೈಬರ್‌ಗ್ಲಾಸ್ ಆದರೆ ಬಣ್ಣ ನೋಡಬೇಡಿ, ಗೀರು ನೋಡಬೇಡಿ, ಅವೆಲ್ಲ ಒಂದು ಡಬ್ಬಿ ಬಣ್ಣದಲ್ಲಿ ಹೋಗುತ್ತವೆ. ಒಳಗಿನ ಲೋಹದ ಲೈನರ್ (ರಿಸೀವರ್ ಕೂರುವ ಜಾಗದ ಒಳಪದರ) ಹಿಡಿದು ಅಲುಗಾಡಿಸಿ. ಟ್ರಿಗರ್ ಭಾಗ ತಂದಿದ್ದರೆ ಹಾಕಿ ಗಾರ್ಡ್ ಮುಚ್ಚಿ ನೋಡಿ. ಪೂರ್ತಿ ಮುಚ್ಚುವ ಮೊದಲೇ ಬಿಗಿ ಸಿಗಬೇಕು. ಲೈನರ್ ಅಲುಗಾಡಿದರೆ ಬೆಲೆ ಎಷ್ಟೇ ಕಡಿಮೆ ಇರಲಿ, ನಾನಂತೂ ಅದನ್ನು ಕೊಳ್ಳುವುದಿಲ್ಲ.