ಉಳ್ಳಾಲದ ಉಪ್ಪುಗಾಳಿಯಲ್ಲಿ ಆರು ವರ್ಷ: ನನ್ನ ಹಳೇ ಫೆಂಡರ್ ಚ್ಯಾಂಪ್

ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಯಾವಾಗ್ಲೋ ಅಮೆರಿಕದಿಂದ ತಂದಿಟ್ಟಿದ್ದ, ಮುಂದಿನ ಪಟ್ಟಿ ಬೆಳ್ಳಿ ಬಣ್ಣ ಇರುವ ಸಿಲ್ವರ್‌ಫೇಸ್ ಚ್ಯಾಂಪ್ ಗಿಟಾರ್ ಆಂಪ್ (ಆಂಪ್ಲಿಫೈಯರ್) ಇದು, ಅವರ ಮನೆ ಅಟ್ಟದಿಂದ ಇಳಿಸಿ ನಾನು ಬಳಸ್ಲಿಕ್ಕೆ ಶುರು ಮಾಡಿ ಈಗ ಆರು ವರ್ಷ ಆಯ್ತು. ಗೊತ್ತಿಲ್ಲದವರಿಗೆ ಹೇಳೋದಾದ್ರೆ ಎಂಟಿಂಚಿನ ಒಂದು ಸ್ಪೀಕರ್, ಐದಾರು ವಾಟ್, ಒಳಗೆ ಮೂರೇ ವಾಲ್ವ್ (ಹಳೇ ರೇಡಿಯೋದಲ್ಲಿರ್ತಿದ್ದಂಥ ಗಾಜಿನ ಟ್ಯೂಬು): ಸಿಗ್ನಲ್ ಮೊದಲು ಹಿಗ್ಗಿಸ್ಲಿಕ್ಕೆ 12ಎಎಕ್ಸ್7, ಸ್ಪೀಕರಿಗೆ ಪವರ್ ಕೊಡ್ಲಿಕ್ಕೆ 6ವಿ6, ಮತ್ತೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿಗೆ 5ವೈ3. ಅಷ್ಟೇ. ಆದ್ರೆ ವಾಲ್ಯೂಮ್ ಏಳರ ಹತ್ರ ಇಟ್ಟು ಒಂದು ಕಾರ್ಡ್ ಹೊಡೆದ್ರೆ ಶಬ್ದ ಮೆಲ್ಲ ಒಡೆದ ಹಾಗೆ ಆಗ್ತದಲ್ಲ, ಬೆರಳು ಹಗುರ ಮಾಡಿದ ಕೂಡ್ಲೇ ಮತ್ತೆ ಕ್ಲೀನ್ ಆಗ್ತದೆ, ಅದು ನಂಗೆ ಬೇರೆ ಯಾವ ಆಂಪ್‌ನಲ್ಲೂ ಸಿಗ್ಲಿಲ್ಲ ಮಾರಾಯ್ರೆ.

ಮೊದಲ ಸಮಸ್ಯೆ ಕರೆಂಟು. ಇದು 120 ವೋಲ್ಟಿಂದು, ನಮ್ಮಲ್ಲಿ 230. ಪೇಟೆಯ ಒಂದು ಅಂಗಡಿಯಿಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ, ಅದರ ಔಟ್‌ಪುಟ್ಟಿಗೆ ಅರ್ಥಿಂಗೇ ಇರ್ಲಿಲ್ಲ, ನಂಗೆ ಗೊತ್ತಾದದ್ದು ಕ್ವಾಯರ್ ಪ್ರಾಕ್ಟೀಸಿನಲ್ಲಿ ಗಿಟಾರ್ ತಂತಿ ಹಿಡ್ಕೊಂಡು ಹಾಡುವಾಗ ಮೈಕಿಗೆ ತುಟಿ ತಾಗಿ ಶಾಕ್ ಹೊಡೆದಾಗ. ಆಮೇಲೆ ಮೂರು ಪಿನ್ನಿನ ವಯರ್ ಹಾಕಿಸಿ ಒಳಗಿನ ಲೋಹದ ಚಾಸಿಸ್‌ಗೆ ಗಟ್ಟಿ ಅರ್ಥ್ ಕೊಟ್ಟೆ. ಇದನ್ನು ಮಾಡದೆ ದಯವಿಟ್ಟು ಯಾರೂ ಹಳೇ ಆಂಪ್ ಪ್ಲಗ್ ಮಾಡ್ಬೇಡಿ. ಇನ್ನೊಂದು, ಆಂಪ್ ಒಳಗಿನ ಟ್ರಾನ್ಸ್‌ಫಾರ್ಮರ್ 60 ಹರ್ಟ್ಸ್‌ಗೆ ಸುತ್ತಿದ್ದು, ನಮ್ಮ 50ರಲ್ಲಿ ಸ್ವಲ್ಪ ಜಾಸ್ತಿ ಬಿಸಿ ಆಗ್ತದೆ, ಹಾಗಾಗಿ ನಾನು 110 ವೋಲ್ಟೇ ಕೊಡ್ತೇನೆ, ವಾಲ್ವನ್ನು ಒಳಗಿಂದ ಬಿಸಿ ಮಾಡುವ ಹೀಟರಿಗೆ 6.3 ವೋಲ್ಟ್ ಬೇಕಾದಲ್ಲಿ 6ರ ಆಸುಪಾಸು ಸಿಗ್ತದೆ, ಅಷ್ಟು ಸಾಕು.

ಆಮೇಲೆ ಶುರುವಾಯ್ತು ನೋಡಿ ಹಮ್. ಗುಂಯ್ ಅಂತ ಒಂದೇ ಸಮನೆ, ವಾಲ್ಯೂಮ್ ಸೊನ್ನೆಗೆ ಇಟ್ರೂ ಅಷ್ಟೇ. ನಾನು ವಾಲ್ವ್ ಹೋಗಿದೆ ಅಂದ್ಕೊಂಡು ಮೂರನ್ನೂ ಹೊಸತು ತರಿಸಿದೆ, ಆರು ಸಾವಿರದ ಮೇಲೆ ಖರ್ಚಾಯ್ತು, ಹಮ್ ಇದ್ದ ಹಾಗೇ ಉಂಟು. ಕಡೆಗೆ ಮಂಗಳೂರಿನ ಹಂಪನಕಟ್ಟೆ ಹತ್ರ ಹಿಂದೆ ವಾಲ್ವ್ ರೇಡಿಯೋ ರಿಪೇರಿ ಮಾಡ್ತಿದ್ದ ಹಿರಿಯರೊಬ್ಬರ ಹತ್ರ ತಕ್ಕೊಂಡು ಹೋದೆ. ಅವರು 12ಎಎಕ್ಸ್7 ಕಿತ್ತು ಪಕ್ಕಕ್ಕಿಟ್ರು, ಆಗ್ಲೂ ಗುಂಯ್ ನಿಲ್ಲಲಿಲ್ಲ. "ನೋಡಿ, ಇದು ಹಿಂದಿನಿಂದ, ಪವರ್ ಸಪ್ಲೈಯಿಂದ ಬರುವುದು. ವಾಲ್ವಿಗೆ ಎಂತ ಆಗ್ಲಿಲ್ಲ, ಫಿಲ್ಟರ್ ಕೆಪಾಸಿಟರ್ ಒಣಗಿದೆ" ಅಂದ್ರು, ಅಂದ್ರೆ ಡಿಸಿಯ ಏರಿಳಿತ ಸಮ ಮಾಡುವ ಕೆಪಾಸಿಟರ್. ಹೀಟರಿನ ಹಮ್ ಆದ್ರೆ 50 ಹರ್ಟ್ಸ್, ದಪ್ಪ ಸ್ವರ, ಫಿಲ್ಟರಿನದ್ದು 100, ಒಂದು ಆಕ್ಟೇವ್ ಮೇಲೆ, ಗಿಟಾರ್ ನುಡಿಸುವವರ ಕಿವಿಗೆ ಇದು ಸುಲಭದಲ್ಲಿ ಗೊತ್ತಾಗ್ತದೆ. ಚ್ಯಾಂಪ್‌ನಲ್ಲಿ ಪವರ್ ವಾಲ್ವ್ (6ವಿ6) ಒಂದೇ ಇರೋದ್ರಿಂದ ಎರಡು ಪವರ್ ವಾಲ್ವಿನ ಆಂಪ್‌ನ ಹಾಗೆ ಹಮ್ ಒಂದಕ್ಕೊಂದು ವಜಾ ಆಗೋದೂ ಇಲ್ಲ. ಇದು ಕಂಪನಿ ತಪ್ಪೇನಲ್ಲ, ಇಂಥ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಅಷ್ಟು ವರ್ಷ ಬಾಳಿದ್ದೇ ದೊಡ್ಡದು.

ಬದಲಾಯಿಸುವಾಗ ಅವರು ಪ್ಲಗ್ ತೆಗೆದ ಮೇಲೂ ಮುಟ್ಟಲಿಲ್ಲ, ಒಂದು ರೆಸಿಸ್ಟರ್ ಸೇರಿಸಿ ಕೆಪಾಸಿಟರ್ ಖಾಲಿ ಮಾಡಿ, ಮೀಟರ್ ಇಟ್ಟು ಸೊನ್ನೆ ಬಂದದ್ದನ್ನು ನಂಗೆ ತೋರಿಸಿ ಆಮೇಲೆ ಸೋಲ್ಡರಿಂಗ್ ಐರನ್ ಹಿಡಿದ್ರು, ಎಡಗೈ ಪೂರ್ತಿ ಹೊತ್ತು ಕಿಸೆಯಲ್ಲೇ, ಎರಡೂ ಕೈ ತಾಗಿ ಎದೆ ಮೂಲಕ ಶಾಕ್ ಹಾಯ್ಬಾರ್ದು ಅಂತ. ಒಳಗೆ 300 ವೋಲ್ಟಿಗಿಂತ ಮೇಲೆ ಡಿಸಿ ಉಂಟು, ಸ್ವಿಚ್ ಆಫ್ ಮಾಡಿದ್ರೂ ಉಳ್ಕೊಳ್ತದೆ.

ಎರಡು ವರ್ಷ ಆರಾಮ. ಆಮೇಲೆ ಒಂದು ಸಂಜೆ ಶಬ್ದ ಮಂಕಾಯ್ತು, ಹಿಂದೆ ಬಗ್ಗಿ ನೋಡಿದ್ರೆ 6ವಿ6 ಒಳಗಿನ ಬೂದು ಪ್ಲೇಟ್ ಕೆಂಡದ ಹಾಗೆ ಕೆಂಪಾಗಿತ್ತು. ಈ ಸಲ ನಾನು ವಾಲ್ವ್ ತರಿಸ್ಲಿಲ್ಲ. ಅದರ ಗ್ರಿಡ್ಡಿನಲ್ಲಿ (ಸಿಗ್ನಲ್ ಒಳಗೆ ಬರುವ ಪಿನ್) ಸೊನ್ನೆ ವೋಲ್ಟ್ ಇರ್ಬೇಕಾದಲ್ಲಿ ನಾಲ್ಕು ತೋರಿಸ್ತಿತ್ತು, ಅಂದ್ರೆ ಸಿಗ್ನಲನ್ನು ದಾಟಿಸಿ ಡಿಸಿಯನ್ನು ತಡೆಯುವ ಕಪ್ಲಿಂಗ್ ಕೆಪಾಸಿಟರ್ ಲೀಕ್. 0.022 ಮೈಕ್ರೋಫ್ಯಾರಡಿಂದು ಒಂದು ಹಾಕಿದೆ, ಸರಿಯಾಯ್ತು, ಮೂವತ್ತು ರೂಪಾಯಿ ಕೂಡ ಆಗ್ಲಿಲ್ಲ.

ಮತ್ತೆ ಮಳೆಗಾಲ. ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷ ನಡಿಗೆ, ಜೂನ್ ಬಂದ್ರೆ ಚರಚರ ಅಂತ ಶಬ್ದ, ಬಿದಿರಿನ ಕಡ್ಡಿಯಲ್ಲಿ ಮೆಲ್ಲ ತಟ್ಟಿ ನೋಡಿದ್ರೆ ಸಾಕೆಟ್ ಹತ್ರ ಜಾಸ್ತಿ ಆಗ್ತದೆ. ಪಿನ್ನಿಗೆ ಹಸಿರು ಕಿಲುಬು ಹಿಡಿದಿರ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿ ಸಾಕೆಟ್ ಬಿಗಿ ಮಾಡಿದ್ರೆ ಹೋಗ್ತದೆ. ಹಳೇ ಕಾರ್ಬನ್ ರೆಸಿಸ್ಟರ್ ತೇವ ಎಳ್ಕೊಂಡು ವ್ಯಾಲ್ಯೂ ಏರ್ತದೆ, 100ಕೆ (ಕಿಲೋಓಮ್) ಇದ್ದದ್ದು ನಂದ್ರಲ್ಲಿ 130 ದಾಟಿತ್ತು, ಎರಡು ಬದಲಾಯಿಸಿದೆ. ಈಗ ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಅರ್ಧ ಗಂಟೆ ಆನ್ ಇಡ್ತೇನೆ, ವಾಲ್ವಿನ ಬಿಸಿಗೆ ಒಳಗೆಲ್ಲ ಒಣಗ್ತದೆ.

ಕೊಳ್ಳುವವರಿಗೆ ಹೇಳೋದಿಷ್ಟು, ಬೆಲೆ ಮಾತಾಡುವಾಗ ಕೆಪಾಸಿಟರ್ ಬದಲಾಗಿದೆಯಾ ಅಂತ ಮೊದಲು ಕೇಳಿ, ವಾಲ್ವ್ ಬ್ರ್ಯಾಂಡ್ ಆಮೇಲೆ. ದೊಡ್ಡ ಸ್ಟೇಜಿಗೆ ಇದರ ಶಬ್ದ ಸಾಲುವುದಿಲ್ಲ, ಮೈಕ್ ಇಡ್ಲೇಬೇಕು, ನಾವು ಮೇರಿ ಮಾತೆಯ ಹುಟ್ಟುಹಬ್ಬ ಮೊಂತಿ ಫೆಸ್ತ್‌ಗೆ ಹಾಗೇ ಮಾಡೋದು. ಸ್ಪೀಕರ್ ಮಾತ್ರ ಇನ್ನೂ ಹಳೇದೇ, ಅಂಚಿನಲ್ಲಿ ಒಂದಿಂಚು ಹರಿದಿತ್ತು, ಟಿಶ್ಯೂ ಪೇಪರಿಗೆ ಫೆವಿಕಾಲ್ ನೀರು ಮಾಡಿ ಅಂಟಿಸಿದ್ದೇನೆ, ಎರಡು ಮಳೆಗಾಲ ಕಳೆದ್ರೂ ಬಿಟ್ಟಿಲ್ಲ.