ಪಡುವಣ ಕಿಟಕಿಯ ಮೋಟರ್ ಪರದೆ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ, ಗವಿಪುರದ ಕಡೆಗೆ. ಎರಡನೇ ಮಹಡಿ. ಇಪ್ಪತ್ತಾರು ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ಹೊಲಿಯುವ ಕೋಣೆಗೆ ಪಶ್ಚಿಮಕ್ಕೆ ಎರಡು ಕಿಟಕಿ, ಬಾಲ್ಕನಿಗೆ ಒಂದು ಗಾಜಿನ ಬಾಗಿಲು, ದಕ್ಷಿಣಕ್ಕೆ ಇನ್ನೊಂದು ಸಣ್ಣ ಕಿಟಕಿ. ಸಂಕ್ರಾಂತಿ ಸಂಜೆ ಗವಿಗಂಗಾಧರೇಶ್ವರನ ಗುಡಿಯಲ್ಲಿ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುವ ಬಿಸಿಲನ್ನು ನೋಡಲು ಊರೆಲ್ಲ ನಮ್ಮ ಕಡೆ ಬರುತ್ತದೆ. ಅದೇ ಬಿಸಿಲು ನನ್ನ ಕಟಿಂಗ್ ಮೇಜಿನ ಮೇಲೂ ಬೀಳುತ್ತದೆ. ಸಂಕ್ರಾಂತಿಯೊಂದು ದಿನ ಅಲ್ಲ, ಮೋಡವಿಲ್ಲದ ಪ್ರತಿ ಸಂಜೆ.

ಎರಡು ವರ್ಷದ ಹಿಂದೆ ಒಬ್ಬರು ಮದುವೆಗೆಂದು ಕೊಟ್ಟ ಮರೂನ್ ರೇಷ್ಮೆ ಬ್ಲೌಸ್ ಪೀಸು ಮೂರು ವಾರ ಮೇಜಿನ ತುದಿಯಲ್ಲಿ ಮಡಿಸಿದ್ದ ಹಾಗೇ ಇತ್ತು. ಬಿಚ್ಚಿ ನೋಡಿದರೆ ಮಡಿಕೆಯ ಮೇಲ್ಭಾಗ ಮಾತ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ರೇಷ್ಮೆಗೆ ಬಿಸಿಲು ಆಗದು ಎಂದು ನನಗೆ ಗೊತ್ತಿಲ್ಲದ್ದಲ್ಲ. ಬಿಳಿ ರೇಷ್ಮೆಯಾದರೆ ಹಳದಿಗೆ ತಿರುಗುತ್ತದೆ, ಬಣ್ಣದ್ದಾದರೆ ಮಾಸುತ್ತದೆ, ನೂಲೂ ಬಲ ಕಳೆದುಕೊಳ್ಳುತ್ತದೆ. ಆ ಗಿರಾಕಿಗೆ ಬೇರೆ ಪೀಸು ತಂದುಕೊಟ್ಟೆ, ಆದರೆ ಸೀರೆಯ ಜೊತೆಗೇ ನೇಯ್ದು ಬಂದ ಬಣ್ಣ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಆ ಹೆಣ್ಣುಮಗಳು ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಮೇಲಿನ ಕೊಳವೆಗೆ ಸುತ್ತಿಕೊಳ್ಳುತ್ತಾ ಏರಿ ಇಳಿಯುವ ಪರದೆ ಹಾಕಿಸಬೇಕೆಂದು ಆವತ್ತೇ ತೀರ್ಮಾನಿಸಿದೆ.

ಮೋಟರ್ ಯಾಕೆ, ಚೈನು ಎಳೆಯುವುದು ಸಾಲದೇ ಎಂದು ಮನೆಯವರು ಕೇಳಿದರು. ಕಟಿಂಗ್ ಮೇಜು ಕಿಟಕಿಗಳ ಉದ್ದಕ್ಕೂ ಇದೆ. ಚೈನಿಗೆ ಕೈ ಎಟುಕಬೇಕಾದರೆ ಮೇಜಿನ ಮೇಲೆ ಹರಡಿದ ಬಟ್ಟೆಯ ಮೇಲೆಯೇ ಬಗ್ಗಬೇಕು, ಇಲ್ಲವೇ ಸ್ಟೂಲು ಹತ್ತಬೇಕು. ನನ್ನ ಮಂಡಿಗೆ ಎರಡೂ ಆಗದು. ಬಾಲ್ಕನಿ ಬಾಗಿಲು ಸೇರಿ ಪಶ್ಚಿಮದ ಮೂರಕ್ಕೂ ಮೋಟರ್ ಪರದೆ ಹಾಕಿಸಿದೆ, ಫಿಟ್ಟಿಂಗ್ ಸೇರಿ 29,500 ರೂಪಾಯಿ ಆಯಿತು. ದಕ್ಷಿಣದ ಕಿಟಕಿಗೆ ಸಾದಾ ಚೈನಿನದ್ದೇ ಸಾಕೆಂದೆ. ನಮ್ಮ ಊರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಗೆ ಆ ತಿಂಗಳುಗಳಲ್ಲಿ ಬಿಸಿಲಿನ ಕಾಟವೇ ಇಲ್ಲ. ಅಂಗಡಿಯವರು ನಾಲ್ಕಕ್ಕೂ ಮೋಟರ್ ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡಿದರು. ಒಪ್ಪಲಿಲ್ಲ, ಒಳ್ಳೆಯದೇ ಆಯಿತು.

ಬಟ್ಟೆಯ ಬಗ್ಗೆ ನಾನು ಧೈರ್ಯವಾಗಿ ಮಾತಾಡಬಲ್ಲೆ. ಇದಕ್ಕೆ ಸನ್‌ಸ್ಕ್ರೀನ್ ಬಟ್ಟೆ ಅನ್ನುತ್ತಾರೆ. ಪಾಲಿಯೆಸ್ಟರ್ ನೂಲಿಗೆ ಪಿವಿಸಿ ಲೇಪನ ಕೊಟ್ಟು ಜಾಲರಿಯ ಹಾಗೆ ನೇಯ್ದಿರುತ್ತಾರೆ. ನೇಯ್ಗೆಯಲ್ಲಿ ಎಷ್ಟು ತೆರಪಿದೆ ಎನ್ನುವುದನ್ನು ಶೇಕಡಾ 1, 3, 5, 10 ಎಂದು ಹೇಳುತ್ತಾರೆ. ಅಂಗಡಿಯಲ್ಲಿ 5ರದ್ದು ತೋರಿಸಿದರು, ನಾನು ತುಂಡನ್ನು ಮನೆಗೆ ತಂದು ಸಂಜೆ ನಾಲ್ಕೂವರೆಗೆ ಕಿಟಕಿಗೆ ಹಿಡಿದು ನೋಡಿದೆ. ಸೂರ್ಯ ಚುಕ್ಕೆ ಚುಕ್ಕೆಯಾಗಿ ಕಣ್ಣಿಗೆ ಚುಚ್ಚುತ್ತಿದ್ದ. 3ರದ್ದು ತೆಗೆದುಕೊಂಡೆ. ಬಣ್ಣದ್ದು ಇನ್ನೂ ಮುಖ್ಯ. ಎಲ್ಲರೂ ಕೆನೆಬಣ್ಣದ್ದು ಒಯ್ಯುತ್ತಾರೆ, ನೋಡಲು ಚೆಂದ. ಆದರೆ ಕೆನೆಬಣ್ಣದ ಬಟ್ಟೆಯಿಂದ ಸೋಸಿ ಬಂದ ಬೆಳಕಿನಲ್ಲಿ ಬಿಳಿ ದಾರವೂ ಹಾಲುಬಿಳಿ ದಾರವೂ ಒಂದೇ ಆಗಿ ಕಾಣುತ್ತವೆ. ನನಗೆ ದಾರ ಹೊಂದಿಸುವುದೇ ಕೆಲಸ. ಬೂದುಬಣ್ಣ ಹಾಕಿಸಿದೆ. ಕೋಣೆ ಸ್ವಲ್ಪ ಮಂಕಾಯಿತು, ಹೊರಗಿನ ಮಾವಿನ ಮರ ಮಾತ್ರ ಪರದೆ ಇಳಿದಿದ್ದರೂ ಸ್ಪಷ್ಟವಾಗಿ ಕಾಣುತ್ತದೆ. ಹದಿನಾಲ್ಕು ತಿಂಗಳಲ್ಲಿ ಅಂಚಿನ ಒಂದು ನೂಲೂ ಬಿಚ್ಚಿಲ್ಲ. ಕೆಳಗಿನ ಅಲ್ಯುಮಿನಿಯಂ ಪಟ್ಟಿ ಸರಿಯಾದ ತೂಕದ್ದು, ಬಟ್ಟೆ ಸುಕ್ಕಿಲ್ಲದೆ ಇಳಿಯುತ್ತದೆ. ಇಷ್ಟಕ್ಕೆ ಅಂಗಡಿಯವರಿಗೆ ಪೂರ್ತಿ ಅಂಕ.

ಮೋಟರ್ ಪರದೆಯ ಕೊಳವೆಯೊಳಗೇ ಇದೆ, ಬ್ಯಾಟರಿಯೂ ಅದರೊಳಗೇ. ನಾಲ್ಕೈದು ತಿಂಗಳಿಗೊಮ್ಮೆ ಫೋನಿನ ಸಾದಾ ಚಾರ್ಜರನ್ನು ಉದ್ದ ವೈರಿನಲ್ಲಿ ಸಿಕ್ಕಿಸಿದರೆ ಆರು ಗಂಟೆಯಲ್ಲಿ ತುಂಬುತ್ತದೆ. ಗೋಡೆ ಒಡೆದು ವೈರಿಂಗ್ ಮಾಡಿಸುವ ತಾಪತ್ರಯವಿಲ್ಲ, ಕರೆಂಟು ಹೋದರೂ ಪರದೆ ಇಳಿಯುತ್ತದೆ. ಎದುರು ಮನೆಯವರದು ನೇರ ಕರೆಂಟಿನದ್ದು. ಅವರ ಮೊಮ್ಮಗ ರಿಮೋಟಿನಲ್ಲಿ ಆಟವಾಡಿ ಐದಾರು ಸಲ ಏರಿಸಿ ಇಳಿಸಿದ, ಮೋಟರ್ ಬಿಸಿಯಾಗಿ ನಿಂತಿತು. ಕೆಟ್ಟೇ ಹೋಯಿತೆಂದು ಅವರು ಹೆದರಿದ್ದರು, ಅರ್ಧ ಗಂಟೆ ಬಿಟ್ಟ ಮೇಲೆ ತಾನಾಗಿ ಓಡಿತು. ಅಂಥ ಮೋಟರಿಗೆ ಬಿಸಿಯಾದರೆ ನಿಲ್ಲುವ ಏರ್ಪಾಡು ಒಳಗೇ ಇರುತ್ತದೆ. ಇದನ್ನೂ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ನನ್ನ ಕಥೆ. ಈ ಸಲ ಯುಗಾದಿಗೆ ಹನ್ನೊಂದು ದಿನ ಇತ್ತು, ಕೈಯಲ್ಲಿ 34 ಬ್ಲೌಸು. ಬುಧವಾರ ಸಂಜೆ ನಡುವಿನ ಪರದೆ ಅರ್ಧಕ್ಕೆ ಇಳಿದು ನಿಂತಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಉಳಿದೆರಡು ಅದೇ ರಿಮೋಟಿಗೆ ಚೆನ್ನಾಗಿ ಓಡುತ್ತಿದ್ದವು, ಅಂದರೆ ರಿಮೋಟಿನ ತಪ್ಪಲ್ಲ. ಅಂಗಡಿಗೆ ಫೋನ್ ಮಾಡಿದೆ. ಸರ್ವೀಸಿನ ಹುಡುಗ, “ಮೇಡಂ, ಮೋಟರ್ ಹತ್ರ ಒಂದು ಸಣ್ಣ ಬಟನ್ ಇದೆ. ಹದಿನೈದು ಸೆಕೆಂಡ್ ಒತ್ತಿ ಹಿಡ್ಕೊಳ್ಳಿ, ಸರಿಹೋಗುತ್ತೆ” ಅಂದ. ಸ್ಟೂಲು ಹತ್ತಿ, ಚಾರ್ಜರ್ ಸಿಕ್ಕಿಸುವ ಜಾಗದ ಪಕ್ಕ ಮೆಣಸಿನ ಕಾಳಿನಷ್ಟಿದ್ದ ಬಟನ್ನನ್ನು ಎಣಿಸಿಕೊಂಡು ಒತ್ತಿದೆ. ಪರದೆ ಒಮ್ಮೆ ಅಲುಗಿತು, ಬಿಡದೆ ಒತ್ತಿದೆ, ಮತ್ತೆ ಅಲುಗಿತು, ಹದಿನಾಲ್ಕು ಎಣಿಸುವಷ್ಟರಲ್ಲಿ ಮೂರು ಸಲ ಅಲುಗಿತು. ಆಮೇಲೆ ರಿಮೋಟಿಗೆ ಜಪ್ಪಯ್ಯ ಅಂದರೂ ಮಿಸುಕಲಿಲ್ಲ.

ಮತ್ತೆ ಫೋನ್ ಮಾಡಿದೆ. “ಹಾಗಾದ್ರೆ ಮೋಟರ್ ಹೋಗಿದೆ ಮೇಡಂ. ಹೊಸದಕ್ಕೆ 4,800, ಬಂದು ಹೋಗೋದಕ್ಕೆ 600. ಮುಂದಿನ ವಾರ ಬರ್ತೀವಿ.”

“ಕಣ್ಣಲ್ಲಿ ನೋಡದೇ ಹೋಗಿದೆ ಅಂತ ಹೇಗಪ್ಪಾ ಹೇಳ್ತೀಯ?”

“ಸಾಮಾನ್ಯವಾಗಿ ಹಾಗೇ ಆಗೋದು ಮೇಡಂ.”

ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ಆ ಬಟನ್ ಅಷ್ಟು ಹೊತ್ತು ಒತ್ತಿದರೆ ಮೋಟರಿನ ನೆನಪೆಲ್ಲ ಅಳಿಸಿಹೋಗುತ್ತದೆ. ಯಾವ ರಿಮೋಟಿನ ಮಾತು ಕೇಳಬೇಕು, ಮೇಲೆ ಎಲ್ಲಿ ನಿಲ್ಲಬೇಕು, ಕೆಳಗೆ ಎಲ್ಲಿ ನಿಲ್ಲಬೇಕು, ಎಲ್ಲವೂ. ಅದನ್ನು ಹೇಳದೆ ಒತ್ತಿಸಿ, ಆಮೇಲೆ ಅದು ರಿಮೋಟಿಗೆ ಓಗೊಡುವುದಿಲ್ಲ ಎನ್ನುವುದನ್ನೇ ಸಾಕ್ಷಿ ಮಾಡಿಕೊಂಡು ಮೋಟರ್ ಸತ್ತಿದೆ ಎನ್ನುವುದು ತಪ್ಪು. ನನ್ನ ಹತ್ತಿರ ಅಳತೆ ಬ್ಲೌಸ್ ಇಲ್ಲದೆ ಹೊಲಿಸಿ, ಸರಿಹೊಂದಲಿಲ್ಲವೆಂದು ಬಟ್ಟೆಯನ್ನು ದೂರಿದ ಹಾಗೆ.

ಆ ರಾತ್ರಿ ಕಿಟಕಿಗೆ ಹಳೇ ಕಾಟನ್ ಸೀರೆ ಕಟ್ಟಿದೆ. ಪೆಟ್ಟಿಗೆಯಲ್ಲಿ ಬಂದಿದ್ದ ಕಾಗದವನ್ನು ಬ್ಲೌಸ್ ಪ್ಯಾಟರ್ನ್‌ಗಳ ಫೈಲಿನಲ್ಲಿ ಜೋಪಾನ ಮಾಡಿದ್ದೆ, ಅದು ಕೈಹಿಡಿಯಿತು. ಭಾನುವಾರ ಅಕ್ಕನ ಮಗಳು ಪುಟ್ಟಿ ಬಂದಳು. ಅವಳು ಸಣ್ಣ ಅಕ್ಷರ ಓದಿದಳು, ನಾನು ಮಾಡಿದೆ. ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿದ್ದೆ, ಬೆಳಗ್ಗೆ ಕೆಂಪು ದೀಪ ಹಸಿರಾಗಿತ್ತು.

ಮೊದಲು ರಿಮೋಟನ್ನು ಎರಡನೇ ನಂಬರಿಗೆ, ಅಂದರೆ ನಡುವಿನ ಪರದೆಗೆ, ಇಟ್ಟುಕೊಂಡೆವು. ಇದು ಬಹಳ ಮುಖ್ಯ ಚಿಕ್ಕಮ್ಮ ಅಂದಳು ಪುಟ್ಟಿ, ಎಲ್ಲ ಪರದೆಗೂ ಒಟ್ಟಿಗೆ ಅನ್ನುವ ನಂಬರಿನಲ್ಲಿ ಇಟ್ಟು ಮಾಡಿದರೆ ಚೆನ್ನಾಗಿರುವ ಎರಡರದ್ದೂ ಕೆಡುತ್ತದೆ. ಮೋಟರಿನ ಬಟನ್ನನ್ನು ಈ ಸಲ ಎರಡೇ ಸೆಕೆಂಡ್ ಒತ್ತಿದೆ. ಪರದೆ ಒಂದೇ ಒಂದು ಸಲ, ಒಂದಿಂಚು ಮೇಲೆ ಒಂದಿಂಚು ಕೆಳಗೆ, ಕರೆದಾಗ ಮಗು ತಲೆಯೆತ್ತಿ ನೋಡುವ ಹಾಗೆ ಅಲುಗಿತು. ಹತ್ತು ಸೆಕೆಂಡಿನೊಳಗೆ ರಿಮೋಟಿನ ಮೇಲಿನ ಬಾಣ ಒತ್ತಬೇಕು. ಒತ್ತಿದೆ, ಮತ್ತೆ ಅಲುಗಿತು. ಗುರುತು ಹಿಡಿಯಿತು! ಸತ್ತಿದೆ ಅಂದಿದ್ದ ಮೋಟರ್.

ಮೇಲಿನ ಬಾಣ ಒತ್ತಿದರೆ ಪರದೆ ಕೆಳಗೆ ಹೋಗುತ್ತಿತ್ತು. ಅಳಿಸಿದ ಮೇಲೆ ದಿಕ್ಕು ಹೀಗೆ ತಿರುಗುಮುರುಗು ಆಗುವುದುಂಟು. ಮೇಲಿನ, ಕೆಳಗಿನ ಬಾಣ ಎರಡನ್ನೂ ಜೊತೆಯಾಗಿ ಅಲುಗುವ ತನಕ ಒತ್ತಿದರೆ ಸರಿಯಾಗುತ್ತದೆ. ಆದರೆ ನಿಲ್ಲುವ ಜಾಗ ಗುರುತು ಮಾಡುವ ಮೊದಲೇ ಇದನ್ನು ಮಾಡಬೇಕು. ಇನ್ನೊಂದು ಎಚ್ಚರ: ಈ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕೆಂದು ಮೋಟರಿಗೆ ಗೊತ್ತಿರುವುದಿಲ್ಲ, ಬಿಟ್ಟರೆ ಕೆಳಪಟ್ಟಿಯನ್ನು ಕೊಳವೆಯವರೆಗೂ ಎಳೆದು ಬಟ್ಟೆ ಹರಿಯುತ್ತದೆ. ನಡುವಿನ ನಿಲ್ಲಿಸುವ ಬಟನ್ ಮೇಲಿಂದ ಹೆಬ್ಬೆರಳು ತೆಗೆಯಲೇಬಾರದು.

ಹೇಗೂ ತಡೆಯಿಲ್ಲವಲ್ಲ ಎಂದು ನಾನು ಬಟ್ಟೆಯನ್ನು ಪೂರ್ತಿ ಕೆಳಗಿಳಿಸಿ ಬರಿ ಕೊಳವೆ ಕಾಣುವ ಹಾಗೆ ಮಾಡಿದೆ. ಆಗಲೇ ನಿಜವಾದ ಕಾಯಿಲೆ ಕಣ್ಣಿಗೆ ಬಿದ್ದದ್ದು. ಬಲಗಡೆಯ ಅಂಚಿನಲ್ಲಿ ಒಂದು ಗೇಣಿನಷ್ಟು ಉದ್ದ ಲೇಪನ ಸವೆದು ಹೊಳೆಯುತ್ತಿತ್ತು. ಸುತ್ತಿಕೊಳ್ಳುವಾಗ ಬಟ್ಟೆ ದಿನಕ್ಕೊಂದು ಕೂದಲೆಳೆಯಷ್ಟು ಬಲಕ್ಕೆ ಸರಿದು ಬ್ರಾಕೆಟ್ಟಿಗೆ ಉಜ್ಜುತ್ತಿತ್ತು. ಚಾರ್ಜೂ ಕಡಿಮೆಯಾಗಿದ್ದ ದಿನ ಮೋಟರಿಗೆ ಎಳೆಯಲಾಗದೆ ನಿಂತುಬಿಟ್ಟಿತ್ತು, ಅಷ್ಟೇ. ಮೋಟರಿನ ತಪ್ಪೇನೂ ಇರಲಿಲ್ಲ. ನೂಲಿನ ಓಟ ತಪ್ಪಿದ ಬಟ್ಟೆ ಹೇಗೆ ಓರೆಯಾಗುತ್ತದೆಂದು ದಿನಾ ನೋಡುವವಳು ನಾನು, ಇದನ್ನು ಮೊದಲೇ ಗಮನಿಸಬೇಕಿತ್ತು. ಉಪಾಯ ಸುಲಭ. ಬಟ್ಟೆ ಬಲಕ್ಕೆ ಸರಿದರೆ ಕೊಳವೆಯ ಎಡ ತುದಿಗೆ ಮಾಸ್ಕಿಂಗ್ ಟೇಪಿನ ಎರಡಿಂಚು ತುಂಡು ಅಂಟಿಸಬೇಕು. ಆ ತುದಿ ಕೂದಲಷ್ಟು ದಪ್ಪವಾದರೆ ಸಾಕು, ಬಟ್ಟೆ ಆ ಕಡೆಗೆ ವಾಲುತ್ತದೆ. ಒಂದು ಪದರ ಹಾಕಿ ಸುತ್ತಿ ನೋಡಿದೆ, ಇನ್ನೂ ಸ್ವಲ್ಪ ಬಲಕ್ಕಿತ್ತು. ಎರಡನೇ ಪದರಕ್ಕೆ ಅಂಚಿನ ಮೇಲೆ ಅಂಚು ಕೂತಿತು, ಇಸ್ತ್ರಿ ಮಾಡಿ ಸುತ್ತಿಟ್ಟ ಕ್ಯಾನ್ವಾಸ್ ಸುರುಳಿಯ ಹಾಗೆ.

ಆಮೇಲೆ ಮೇಲೆ ಎರಡು ಬೆರಳು ಜಾಗ ಬಿಟ್ಟು ನಿಲ್ಲಿಸಿ, ಮೇಲಿನ ಬಾಣ ಮತ್ತು ನಿಲ್ಲಿಸುವ ಬಟನ್ ಜೊತೆಯಾಗಿ ಅಲುಗುವ ತನಕ ಒತ್ತಿದೆವು. ಕೆಳಗೆ ಕಿಟಕಿ ಕಲ್ಲಿಗೆ ತಾಗಿ ತಾಗದ ಹಾಗೆ ನಿಲ್ಲಿಸಿ ಕೆಳಗಿನ ಬಾಣದ ಜೊತೆ ಅದೇ ಕೆಲಸ. ಟೇಪಿನ ಕೆಲಸ ಬಿಟ್ಟರೆ ಎಲ್ಲಾ ಸೇರಿ ಇಪ್ಪತ್ತು ನಿಮಿಷ. ಇದು ನನ್ನ ಮನೆಯ ಮೋಟರಿನ ಲೆಕ್ಕ; ಬಟನ್ನುಗಳ ಜೋಡಿ, ಸೆಕೆಂಡು, ಎಷ್ಟು ಸಲ ಅಲುಗುತ್ತದೆ ಎನ್ನುವುದು ಬೇರೆ ಮೋಟರಿಗೆ ಬೇರೆ. ನಿಮ್ಮ ಪೆಟ್ಟಿಗೆಯ ಕಾಗದ ಎಸೆಯಬೇಡಿ.

ರಿಮೋಟಿನ ಸೆಲ್ಲಿನದ್ದೂ ಒಂದು ಮಾತು. ನಡುವೆ ಒಮ್ಮೆ ಮೂರೂ ಪರದೆ ಹತ್ತಿರ ಹೋಗಿ ಒತ್ತಿದರೆ ಮಾತ್ರ ಓಡುತ್ತಿದ್ದವು. ಮೂರೂ ಒಟ್ಟಿಗೆ ಹಾಗಾದರೆ ಸೆಲ್ ಮುಗಿದಿದೆ ಎಂದೇ ಅರ್ಥ. ವಾಚಿನ ಅಂಗಡಿಯಲ್ಲಿ 2032 ಕೊಟ್ಟರು, ಗೂಡಿನಲ್ಲಿ ಲಡಲಡ ಅಂತಿತ್ತು. ನನ್ನದಕ್ಕೆ ಬೇಕಾದದ್ದು 2450. ಆ ನಂಬರು ಅಳತೆಯೇ: ಸುಮಾರು 24 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ. 2032 ಅಂದರೆ 20 ಅಗಲ, 3.2 ದಪ್ಪ. ಎಸ್.ಪಿ. ರೋಡಿನಲ್ಲಿ ಕೇಳಿದ ತಕ್ಷಣ ಕೊಟ್ಟರು.

ಫೋನಿನಿಂದ ಓಡಿಸುವ ಪೆಟ್ಟಿಗೆಯೂ ಇದೆ, ವೈಫೈ 2.4 ಗಿಗಾಹರ್ಟ್ಸ್‌ನದ್ದೇ ಆಗಬೇಕಂತೆ. ನನಗೆ ಬೇಡವಾಯಿತು.

ಪರದೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅಂಗಡಿಯ ಸರ್ವೀಸಿಗೆ ಒಂದು. ಯುಗಾದಿ ಕಳೆದ ಮೇಲೆ ನಾನೇ ಅಂಗಡಿಗೆ ಹೋಗಿ ಮಾಲೀಕರ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದೆ. ಸವೆದ ಅಂಚಿನ ಫೋಟೋ ತೋರಿಸಿದೆ. ಅವರು ಆ ಹುಡುಗನನ್ನು ಕರೆಸಿದರು. ಪಾಪ, ಅವನಿಗೂ ಯಾರೂ ಕಲಿಸಿರಲಿಲ್ಲ. ಟೇಪು ಎಲ್ಲಿ ಅಂಟಿಸಿದ್ದೆಂದು ಅವನೇ ಎರಡು ಸಲ ಕೇಳಿ ತಿಳಿದುಕೊಂಡ.

ಮಲಗುವ ಕೋಣೆಯ ಪಶ್ಚಿಮದ ಕಿಟಕಿಗೂ ಅದೇ ಬಟ್ಟೆ, ಅದೇ ಮೋಟರ್ ಹೇಳಿ ಬಂದಿದ್ದೇನೆ. ಒಂದು ಕರಾರು ಹಾಕಿದೆ: ಫಿಟ್ಟಿಂಗಿಗೆ ಬಂದವರು ನನ್ನ ಕೈಯಿಂದಲೇ ಮೇಲೆ, ಕೆಳಗೆ ಎರಡು ಜಾಗವನ್ನೂ ಗುರುತು ಮಾಡಿಸಬೇಕು, ಹತ್ತು ಸಲ ಏರಿಸಿ ಇಳಿಸಿ ಅಂಚು ತೋರಿಸಬೇಕು. ಅಲ್ಲಿಯವರೆಗೆ ಬಾಕಿ 3,000 ಕೊಡುವುದಿಲ್ಲ. ಒಪ್ಪಿಕೊಂಡಿದ್ದಾರೆ, ಶನಿವಾರ ಬರುತ್ತಾರಂತೆ.