ಜೀಪಿಗೆ ಯಾವ ಹ್ಯಾಮಕ್: ರೋಲ್ ಬಾರ್ ಮೇಲಿನದೋ, ಮರಕ್ಕೆ ಕಟ್ಟುವುದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೋಲ್ ಬಾರ್ ಮೇಲೆ ಬಿಗಿಯುವ ಹ್ಯಾಮಕ್‌ಗೆ, ಅಂದರೆ ಬಟ್ಟೆಯ ತೂಗುಹಾಸಿಗೆಗೆ. ರೋಲ್ ಬಾರ್ ಅಂದರೆ ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯಲು ಸೀಟುಗಳ ಮೇಲೆ ಹಾದುಹೋಗುವ ಉಕ್ಕಿನ ಕೊಳವೆಗಳ ಚೌಕಟ್ಟು. ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಗಾಡಿ ನಾಲ್ಕು ಬಾಗಿಲಿನ ಜೆಕೆ ಮಾಡೆಲ್‌ನ ಜೀಪ್ ರ‍್ಯಾಂಗ್ಲರ್. ಅಕ್ಟೋಬರ್ ಬಂತೆಂದರೆ ಟಾಪ್ (ಮೇಲ್ಛಾವಣಿ) ಬಿಚ್ಚಿ ಗ್ಯಾರೇಜಿಗೆ ಸೇರಿಸುತ್ತೇವೆ, ಏಪ್ರಿಲ್‌ವರೆಗೂ ಅದರ ತಂಟೆಗೆ ಹೋಗುವುದಿಲ್ಲ. ವಾರಾಂತ್ಯ ಬಂದರೆ ಮರುಭೂಮಿಯ ಮಣ್ಣುದಾರಿ. ಅಲ್ಲಿ ಹ್ಯಾಮಕ್ ಕಟ್ಟಲು ಮರ ಎಲ್ಲಿದೆ? ಇರುವುದು ಸಾಗುವಾರೋ ಕಳ್ಳಿ. ಮೈತುಂಬಾ ಮುಳ್ಳು, ಮೇಲಾಗಿ ಕಾನೂನಿನ ರಕ್ಷಣೆ ಇರುವ ಗಿಡ. ಅದರ ಹತ್ತಿರವೂ ಹೋಗಬಾರದು.

ನಮ್ಮ ಮನೆಯಲ್ಲಿ ಎರಡೂ ಇವೆ. ಒಂದು, ರೋಲ್ ಬಾರ್‌ಗೆ ಸುತ್ತಲೂ ಪಟ್ಟಿ ಬಿಗಿದು ಮಂಚದ ಹಾಗೆ ಹಾಸುವುದು. ಇನ್ನೊಂದು ಮಾಮೂಲಿ ಕ್ಯಾಂಪಿಂಗ್ ಹ್ಯಾಮಕ್. ಒಂದು ತುದಿ ಮರಕ್ಕೆ, ಇನ್ನೊಂದು ರೋಲ್ ಬಾರ್‌ಗೆ.

ರೋಲ್ ಬಾರ್ ಹ್ಯಾಮಕ್‌ನ ದೊಡ್ಡ ತಲೆನೋವು ಪಟ್ಟಿ ಸಡಿಲವಾಗುವುದು. ಹತ್ತಿ ಮಲಗಿದಾಗ ಎಲ್ಲ ಚೆನ್ನಾಗಿರುತ್ತದೆ. ಸ್ವಲ್ಪ ಹೊತ್ತಿಗೆ ನಡು ಕೆಳಗಿಳಿಯಲು ಶುರು. ಕೆಳಗೇ ಸ್ಪೀಕರ್ ಇರುವ ಅಡ್ಡ ಬಾರ್ ಇದೆಯಲ್ಲ, ಅದು ಸರಿಯಾಗಿ ಸೊಂಟಕ್ಕೆ ಒತ್ತುತ್ತದೆ. ಎದ್ದು ಬಿಗಿ ಮಾಡಿ ಮಲಗಿದರೆ ಮತ್ತೆ ಅದೇ ಕಥೆ.

ಬಕಲ್ ಜಾರುತ್ತಿದೆ ಅಂತ ಅನ್ನಿಸುತ್ತದೆ, ಅಲ್ವಾ? ಬಕಲ್ ಪಕ್ಕ ಪಟ್ಟಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ನೋಡಿದೆ. ಗೆರೆ ಕದಲಿರಲಿಲ್ಲ. ಕಾರಣ ಎರಡು. ರೋಲ್ ಬಾರ್‌ಗೆ ಸುತ್ತಿರುವ ಫೋಮ್ ಭಾರಕ್ಕೆ ನಿಧಾನವಾಗಿ ಅಮುಕಿಕೊಳ್ಳುತ್ತದೆ. ಪಟ್ಟಿ ಹೂತಷ್ಟೂ ಹ್ಯಾಮಕ್ ಸಡಿಲ. ಎರಡನೆಯದು, ಜೊತೆಗೆ ಬಂದಿದ್ದ ಪಟ್ಟಿಗಳು ನೈಲಾನ್. ಭಾರ ಬಿದ್ದರೆ ನೈಲಾನ್ ಎಳೆದುಕೊಳ್ಳುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಈಗ ಪಾಲಿಯೆಸ್ಟರ್ ಪಟ್ಟಿ ಹಾಕಿದ್ದೇನೆ. ಮೊದಲು ಬಿಗಿದು, ಹತ್ತು ನಿಮಿಷ ಸುಮ್ನೆ ಮೇಲೆ ಮಲಗಿ, ಇಳಿದು ಇನ್ನೊಂದು ಸಲ ಎಳೆಯುತ್ತೇನೆ. ಅಷ್ಟಾದ ಮೇಲೆ ಬೆಳಗಿನ ತನಕ ನಡು ಬಾರ್‌ಗೆ ತಾಗುವುದಿಲ್ಲ.

ಮರದ ಹ್ಯಾಮಕ್‌ಗೂ ಒಂದು ಒಳ್ಳೆಯ ಗುಣ ಇದೆ. ಜೀಪಿದ್ದರೆ ಒಂದೇ ಮರ ಸಾಕು. ಸರಿಯಾದ ದೂರದಲ್ಲಿ ಎರಡು ಮರ ಹುಡುಕಬೇಕಿಲ್ಲ, ಗಾಡಿಯನ್ನೇ ಹಿಂದೆ ಮುಂದೆ ಮಾಡಿದರಾಯಿತು. ಆದರೆ ಹಗ್ಗವನ್ನು ನೆಟ್ಟಗೆ ಎಳೆದು ಕಟ್ಟಬೇಡಿ. ಹಗ್ಗ ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಿದ್ದರೆ ಒಂದೊಂದು ತುದಿಯ ಮೇಲೂ ನಿಮ್ಮ ತೂಕದಷ್ಟೇ ಎಳೆತ. 10 ಡಿಗ್ರಿಗೆ ತಂದರೆ ಹೆಚ್ಚುಕಡಿಮೆ ಮೂರು ಪಟ್ಟು. ನನ್ನ 80 ಕಿಲೋಗೆ ಅದು 230 ಕಿಲೋ! ಮರಕ್ಕೆ ಅಗಲವಾದ ಪಟ್ಟಿಯನ್ನೇ ಸುತ್ತಿ. ತೆಳು ಹಗ್ಗ ತೊಗಟೆಯನ್ನು ಕೊಯ್ದುಬಿಡುತ್ತದೆ. ಹಿಂಬದಿಗೆ ಕಟ್ಟಿದರೆ ಸ್ಟೆಪ್ನಿ ಅಡ್ಡ ಬರುತ್ತದೆ.

ಮಡಚಿದರೆ ಮರದ್ದು ಒಂದು ತೆಂಗಿನಕಾಯಿಯಷ್ಟು. ರೋಲ್ ಬಾರ್‌ನದ್ದಕ್ಕೆ ಹಿಂದೆ ಅರ್ಧ ಡಿಕ್ಕಿ ಬೇಕು.

ಮರುಭೂಮಿಯಲ್ಲಿ ನೆರಳು ಇಲ್ಲ ಅಂತಲೇ ಲೆಕ್ಕ. ಮಧ್ಯಾಹ್ನ ರೋಲ್ ಬಾರ್ ಮೇಲೆ ಮಲಗುವ ಮಾತೇ ಬೇಡ.

ಊರಿನಿಂದ ಅಪ್ಪ ಅಮ್ಮ ಬಂದಾಗ ಮಾತ್ರ ಮರದ್ದೇ ಸರಿ. ಟೈರ್ ಮೇಲೆ ಕಾಲಿಟ್ಟು ಹತ್ತು ಅಂತ ಅಮ್ಮನಿಗೆ ಹೇಳೋಕಾಗುತ್ತಾ? ಅವರನ್ನು ಫ್ಲಾಗ್‌ಸ್ಟಾಫ್ ಕಡೆ ಕರೆದುಕೊಂಡು ಹೋಗುತ್ತೇವೆ. ಸುಮಾರು 7,000 ಅಡಿ ಎತ್ತರದ ಊರು, ಸುತ್ತಲೂ ಪಾಂಡೆರೋಸಾ ಪೈನ್. ಕಾಂಡ ದಪ್ಪ, ಉದ್ದದ ಪಟ್ಟಿ ಒಯ್ಯಿರಿ.

ದುಡ್ಡಿನ ವಿಷಯ. ನಾನು ರೋಲ್ ಬಾರ್‌ನದ್ದಕ್ಕೆ 200 ಡಾಲರ್ ಹತ್ತಿರ ಕೊಟ್ಟೆ, ಹೊಸ ಪಟ್ಟಿಗಳ ಖರ್ಚು ಬೇರೆ. ಮರದ್ದು ಪಟ್ಟಿ ಸೇರಿ 50ರೊಳಗೆ ಮುಗಿಯಿತು. ಕಾಡಿನ ಕಡೆಯೇ ಹೋಗುವವರು 200 ಸುರಿಯುವುದು ಬೇಡ. ನಮ್ಮ ಹಾಗೆ ಟಾಪ್ ತೆಗೆದು ಮರುಭೂಮಿಯಲ್ಲೇ ರಾತ್ರಿ ಕಳೆಯುವವರು ಕಣ್ಣುಮುಚ್ಚಿ ರೋಲ್ ಬಾರ್‌ನದ್ದೇ ತಗೊಳ್ಳಿ. ಮಗಳೂ ನಾನೂ ಒಟ್ಟಿಗೆ ಮಲಗಿ ನಕ್ಷತ್ರ ನೋಡುವಷ್ಟು ಅಗಲ ಇದೆ. ಜೋಲಿಯಂಥ ಮರದ್ದರಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುತ್ತೇವೆ.

ಯಾವುದನ್ನೇ ತಗೊಂಡರೂ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಪಾರ್ಕ್‌ನಲ್ಲಿದೆಯಾ ನೋಡಿ ಹತ್ತಿ. ಗಾಡಿ ಹೊರಡುವ ಮುಂಚೆ ಹ್ಯಾಮಕ್ ಬಿಚ್ಚಲೇಬೇಕು. ಮಕ್ಕಳು "ಇಲ್ಲೇ ಕೂತು ಬರ್ತೀವಪ್ಪಾ" ಅಂತ ಎಷ್ಟು ಗೋಗರೆದರೂ, ನೂರು ಅಡಿ ದೂರಕ್ಕೂ ಒಪ್ಪಬೇಡಿ.